ಮುಳ್ಳು ಕಡಿವಾಣದ ಹಗೆ

ನಾನು ಒಂದು ಕಡಿವಾಣ. ಅದರಲ್ಲೂ ಮುಳ್ಳು ಕಡಿವಾಣ. ಕುದುರೆಯ ನಾಲಿಗೆಯ ಮೇಲೆ ಕೂರುವ ನನ್ನ ಕಂಬಿಗೆ ಸಾಲಾಗಿ ಕಬ್ಬಿಣದ ಮುಳ್ಳುಗಳಿವೆ. ಲಗಾಮು ಎಳೆದರೆ ಅವು ನಾಟುತ್ತವೆ, ಕುದುರೆ ನಿಲ್ಲುತ್ತದೆ. ಇಷ್ಟೇ ನನ್ನ ವಿದ್ಯೆ. ನನ್ನನ್ನು ಬಡಿದು ಮಾಡಿದ ಚನ್ನಪಟ್ಟಣದ ಕಮ್ಮಾರ ಅಂದು ಹೆಂಡತಿಯೊಡನೆ ಜಗಳವಾಡಿ ಬಂದು ಕುಲುಮೆಯ ಮುಂದೆ ಕೂತಿದ್ದ. ಆ ಸಿಟ್ಟೆಲ್ಲ ನನಗೇ ಇಳಿಯಿತೋ ಏನೋ, ಹುಟ್ಟಿದಾಗಿನಿಂದ ನನಗೆ ಯಾರನ್ನು ಕಂಡರೂ ಆಗುವುದಿಲ್ಲ.

ನನ್ನನ್ನು ಕೊಂಡವನು ಮೈಸೂರಿನ ಬೆಟ್ಟರಾಜೇ ಅರಸು, ಸಿಲ್ಲೇದಾರ ಪಡೆಯ ಜಮಾದಾರ. ಆ ಪಡೆಯಲ್ಲಿ ಚಾಕರಿ ಸರ್ಕಾರದ್ದು, ಕುದುರೆ ಮನೆಯದು. ಅಪ್ಪ ಇಳಿದರೆ ಮಗ ಹತ್ತಬೇಕು. ಮಗ ಪರೀಕ್ಷೆಯಲ್ಲಿ ತಪ್ಪಿದರೆ ಜಾಗ ಬೇರೆ ಮನೆಗೆ ಹೋಗುತ್ತದೆ. ಅರಸು ಹತ್ತುತ್ತಿದ್ದುದು ಒಂದು ಪುಂಡ ಗಂಡು ಕುದುರೆ. ಅದಕ್ಕೆ ನಾನೇ ಸರಿ. ನಾವು ಮೂವರೂ ಒಬ್ಬರನ್ನೊಬ್ಬರು ದ್ವೇಷಿಸಿಕೊಂಡು ಸುಖವಾಗಿದ್ದೆವು. ಕೊನೆಗೊಂದು ದಿನ ಅದು ಅವನನ್ನು ಕೆಡವಿ ಸೊಂಟ ಮುರಿಯಿತು. ನನಗೇನೂ ಬೇಸರವಾಗಲಿಲ್ಲ.

ಆಗ ಬಂದವನು ಅವನ ಒಬ್ಬನೇ ಮಗ ಮುದ್ದುರಾಜ, ಮೀಸೆ ಈಗಷ್ಟೇ ಚಿಗುರಿದ್ದ ಉಮೇದುವಾರ. ಪಡೆ ಸೇರುವ ಮುನ್ನ ಕವಾಯತು ಕಲಿಯುವ ಹುಡುಗರನ್ನು ಹಾಗೆ ಕರೆಯುತ್ತಿದ್ದರು. ಅವನಿಗಾಗಿ ಹಂಸಿ ಎಂಬ ಹೆಣ್ಣು ಕುದುರೆ ತಂದರು. ಬೆರಳು ತಾಗಿಸಿದರೆ ತಿರುಗುವಷ್ಟು ಮೆತ್ತನೆಯ ಬಾಯಿ. ಕಡಿವಾಣ ಮಾತ್ರ ನಾನೇ. ಮೊದಲ ದಿನವೇ ಅವಳ ನೊರೆ ಕೆಂಪಾಯಿತು. ಹುಡುಗ ಅರ ಹಿಡಿದು ನನ್ನ ಮುಳ್ಳು ಉಜ್ಜಲು ಕೂತ. ಅರಸು ಊರುಗೋಲಿನಿಂದ ಅವನ ಕೈಗೆ ಹೊಡೆದ. ಮಹಾನವಮಿಯಲ್ಲಿ ಕತ್ತಿ, ಈಟಿಗಳ ಜೊತೆ ನನಗೂ ಪೂಜೆಯಾಗುತ್ತಿತ್ತು. ಪೂಜೆ ಕಂಡ ಆಯುಧಕ್ಕೆ ಅರ ಹಾಕಿದರೆ ಮನೆತನ ಮುರಿಯುತ್ತದೆಂದು ಆ ಮನೆಯ ನಂಬಿಕೆ. ವರ್ಷಕ್ಕೊಮ್ಮೆ ನನ್ನ ಮುಳ್ಳುಗಳಿಗೆ ಕುಂಕುಮ ಹಚ್ಚಿ ಕೈಮುಗಿಯುವ ಜನ, ಉಳಿದ ದಿನ ಅಲ್ಲಿ ಹತ್ತುವ ಕೆಂಪು ಯಾವುದೆಂದು ನೋಡುತ್ತಿರಲಿಲ್ಲ. ಇಂಥವರನ್ನು ಮೂರ್ಖರೆನ್ನದೆ ಏನೆನ್ನಲಿ?

ಉಪಾಯ ಹುಡುಕಿದವಳು ತಾಯಿ ಲಿಂಗಾಜಮ್ಮಣ್ಣಿ. ಅರ ತಾಗಿಸಬಾರದು ತಾನೆ, ಬಟ್ಟೆ ಸುತ್ತಬಾರದೆಂದು ಯಾರೂ ಹೇಳಿಲ್ಲವಲ್ಲ ಎಂದು ತನ್ನ ಹಳೇ ಸೀರೆಯ ಸೆರಗು ಹರಿದು, ಎಣ್ಣೆಯಲ್ಲಿ ನೆನೆಸಿ ನನಗೆ ಬಿಗಿಯಾಗಿ ಸುತ್ತಿದಳು. ನನಗೆ ಉಸಿರುಕಟ್ಟಿದಂತಾಯಿತು. ಹಂಸಿ ಮಾತ್ರ ಹುಡುಗನ ಮನಸ್ಸು ಅರಿತವಳಂತೆ ಓಡತೊಡಗಿದಳು. ತಾಯಿ ಮಗ ಅಡುಗೆಮನೆಯಲ್ಲಿ ಗುಟ್ಟಾಗಿ ನಗುತ್ತಿದ್ದರು. ಆ ನಗು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಪರೀಕ್ಷೆಯ ಬೆಳಿಗ್ಗೆ, ಕವಾಯತು ಮೈದಾನದ ಅಂಚಿನಲ್ಲಿ, ಅರಸು ಹಂಸಿಯ ಬಾಯಿಗೆ ಕೈ ಹಾಕಿ ನೋಡಿದ. ಬಟ್ಟೆ ಸಿಕ್ಕಿತು. ಹೆಂಡತಿಯ ಸೀರೆಯ ಅಂಚು ಗುರುತು ಹಿಡಿದ. ಹೆಂಗಸಿನ ಸೆರಗು ಹಿಡಿದು ಸವಾರಿ ಮಾಡುವವನು ನಮ್ಮ ವಂಶದಲ್ಲಿ ಹುಟ್ಟಿಲ್ಲ ಎಂದು ಹಲ್ಲು ಕಡಿದು, ಬಾಕಿನಿಂದ ಅದನ್ನು ಕುಯ್ದು ಎಸೆದ.

ಮುದ್ದುರಾಜ ಗೋಗರೆಯಲಿಲ್ಲ. "ನಾನು ಲಗಾಮು ಎಳೆಯಲ್ಲ, ಅಪ್ಪಾಜಿ. ಹೋದ್ರೆ ಜಾಗ ಹೋಗ್ಲಿ," ಎಂದ.

"ಜಾಗ ಹೋದ್ರೆ ನೀನೂ ಹೋಗು. ಮನೆ ಕಡೆ ತಲೆ ಹಾಕ್ಬೇಡ," ಎಂದ ಅರಸು.

ಹಂಸಿ ಉಮೇದುವಾರರ ಸಾಲಿನೊಡನೆ ಓಡಿದಳು. ತೊಡೆಯೊತ್ತಿದ ಕಡೆಗೆಲ್ಲ ಚೆಂದವಾಗಿ ತಿರುಗಿದಳು. ಕೊನೆಗೆ ನಿಲ್ಲಿಸಲು ಹುಕುಂ ಬಿತ್ತು. ಸಾಲೆಲ್ಲ ನಿಂತಿತು. ಈಗ ಎಳೆಯಲೇಬೇಕು ಎಂದು ನಾನು ಕಾದೆ. ಮೆತ್ತನೆಯ ನಾಲಿಗೆ ನನ್ನ ಕೆಳಗೇ ಇತ್ತು. ಹುಡುಗ ಲಗಾಮನ್ನು ಅವಳ ಕತ್ತಿನ ಮೇಲೆ ಸಡಿಲ ಬಿಟ್ಟ. ಹಂಸಿ ಪರೀಕ್ಷೆ ನಡೆಸುತ್ತಿದ್ದ ಸಾಹೇಬರನ್ನು ದಾಟಿ, ಅಪ್ಪನನ್ನು ದಾಟಿ, ಕೆರೆಯ ಏರಿಯವರೆಗೆ ಓಡಿ, ದಣಿದು ತಾನೇ ನಿಂತಳು. ಜಾಗ ಹೋಯಿತು. ಮುದ್ದುರಾಜ ನನ್ನನ್ನು ಬಿಚ್ಚಿ ಮನೆಯ ಜಗುಲಿಗೆ ಎಸೆದು, ಹಂಸಿಯ ಕೊರಳಿಗೆ ಬರೀ ಹಗ್ಗ ಹಾಕಿ ನಡೆಸಿಕೊಂಡು ಊರು ಬಿಟ್ಟ.

ಆಮೇಲೆ ನನ್ನ ವಾಸ ಗೋಡೆಯ ಗೂಟದಲ್ಲಿ. ಲಿಂಗಾಜಮ್ಮಣ್ಣಿ ಗಂಡನಿಗೆ ಹೊತ್ತುಹೊತ್ತಿಗೆ ಬಡಿಸುತ್ತಿದ್ದಳು, ಮಾತಾಡುತ್ತಿರಲಿಲ್ಲ. ವರ್ಷಗಳು ಹೀಗೇ ಉರುಳಿದವು. ಒಂದು ಮಧ್ಯಾಹ್ನ, ಅವಳು ದೇವಸ್ಥಾನಕ್ಕೆ ಹೋಗಿದ್ದಾಗ, ಅರಸು ನನ್ನನ್ನು ಗೂಟದಿಂದ ತೆಗೆದ. ಸುತ್ತ ನೋಡಿದ. ನನ್ನನ್ನು ತನ್ನ ಬಾಯಿಗಿಟ್ಟುಕೊಂಡು, ಲಗಾಮು ಕಟ್ಟುವ ನನ್ನ ಎರಡೂ ಬಳೆಗಳನ್ನು ಹಿಡಿದು ಹಿಂದಕ್ಕೆ ಎಳೆದ.

ಮುದುಕನ ನಾಲಿಗೆ ಬಹಳ ತೆಳುವು. ರಕ್ತವನ್ನು ಪಂಚೆಯ ತುದಿಯಲ್ಲಿ ಒರೆಸಿ ನನ್ನನ್ನು ಅಲ್ಲೇ ನೇತುಹಾಕಿದ. ಅಂದು ಊಟ ಮಾಡಲಿಲ್ಲ; ಏಕೆಂದು ಹೆಂಡತಿ ಕೇಳಲಿಲ್ಲ. ಇನ್ನಾದರೂ ಮಗನಿಗೆ ಹೇಳಿಕಳಿಸುತ್ತಾನೆಂದು ನಾನು ಕಾದೆ. ಇವತ್ತು ಕಳಿಸುತ್ತಾನೆ, ನಾಳೆ ಕಳಿಸುತ್ತಾನೆ ಎಂದುಕೊಂಡೆ. ಕಳಿಸದೆಯೇ ಸತ್ತ.

ಮುದ್ದುರಾಜ ಬಂದು ಕ್ರಿಯೆ ಮುಗಿಸಿ, ನನ್ನನ್ನು ಹಳೇ ಕಬ್ಬಿಣದವನ ಬುಟ್ಟಿಗೆ ಹಾಕಿದ. "ಇದ್ರ ನೋವು ಎಂಥದ್ದಂತ ಸಾಯೋವರ್ಗೂ ಅವ್ರಿಗೆ ಗೊತ್ತಾಗ್ಲಿಲ್ಲ, ಬಿಡವ್ವ," ಎಂದು ತಾಯಿಗೆ ಹೇಳಿದ.

ಈಗ ನಾನು ಗುಜರಿಯ ಮೂಲೆಯಲ್ಲಿ ತುಕ್ಕು ಹಿಡಿಯುತ್ತ ಬಿದ್ದಿದ್ದೇನೆ. ಮುದುಕನಿಗೆ ಗೊತ್ತಾಗಿತ್ತು ಎಂಬುದಕ್ಕೆ ನಾನೊಬ್ಬನೇ ಸಾಕ್ಷಿ. ಮಾತು ಬಂದಿದ್ದರೂ ಆ ಹುಡುಗನಿಗೆ ಹೇಳುತ್ತಿರಲಿಲ್ಲ. ಅಪ್ಪನಿಗೆ ತಿಳಿಯಲಿಲ್ಲ ಎಂಬ ಸಮಾಧಾನವಾದರೂ ಅವನಿಗಿರಲಿ. ತಿಳಿದ ಮೇಲೂ ಕರೆಯಲಿಲ್ಲ ಎಂಬುದು ನನ್ನ ಯಾವ ಮುಳ್ಳಿಗಿಂತಲೂ ಆಳಕ್ಕೆ ನಾಟೀತು.