ಐದನೇ ಮೆಟ್ಟಿಲಿನ ಸತ್ತ ಸ್ವರ

ಈ ಶನಿವಾರ ಸುನ್ನೆ ಊರಿನ ಕುಣಿತದ ಅಂಗಳದಲ್ಲಿ ಹಾಡಿಬಿಟ್ಟರೆ ಗುನ್ವೋರಳ ಹಾಡಿಕೆ ಮುಗಿಯಿತು. ಹಾಗಂತ ಅವಳೇ ಊರಿಗೆಲ್ಲ ಹೇಳಿಕೊಂಡು ಬಂದಿದ್ದಳು, ನಗುನಗುತ್ತಲೇ. ಮದುವೆಯಾದಾಗಿನಿಂದ ಗಂಡ ಸಿಕ್ಸ್ಟೆನ್‌ನ ಬ್ಯಾಂಡಿನಲ್ಲಿ ಹಾಡಿದವಳು. ಕೊನೆಯಲ್ಲಿ ದೀಪ ಮಂದ ಮಾಡಿ, ಜನ ಕೆನ್ನೆಗೆ ಕೆನ್ನೆ ತಾಗಿಸಿ ಕುಣಿಯುವ ನಿಧಾನದ ಹಾಡು ಅವಳದೇ. ಆದರೆ ಈಚೆಗೆ ಕೆಲವು ವರ್ಷಗಳಿಂದ ಆ ಹಾಡಿನ ಎತ್ತರದ ಜಾಗಕ್ಕೆ ಬಂದಾಗ ಗಂಟಲು ಕೈಕೊಡುತ್ತಿತ್ತು. ಸ್ವರ ಒಡೆದಾಗ ಕುಣಿಯುವವರು ತಲೆಯೆತ್ತಿ ನೋಡಿ, ಏನೂ ಕೇಳದವರಂತೆ ಮತ್ತೆ ಕುಣಿಯುತ್ತಿದ್ದರು. ಆ ಕರುಣೆ ಅವಳಿಗೆ ಬೈಗುಳಕ್ಕಿಂತ ಹೆಚ್ಚು ಉರಿಯುತ್ತಿತ್ತು.

ಅವಳ ಜಾಗಕ್ಕೆ ಲೋವೀಸಾ ಎಂಬ ಹುಡುಗಿ ಬರುತ್ತಿದ್ದಳು. ಪೋಸ್ಟರೂ ಅಚ್ಚಾಗಿತ್ತು. ಹುಡುಗಿ ಒಳ್ಳೆಯವಳು. ಬೈಯಲು ಒಂದು ನೆಪವನ್ನೂ ಕೊಡದಷ್ಟು ಒಳ್ಳೆಯವಳು.

ಗುರುವಾರ ಸಿಕ್ಸ್ಟೆನ್ ಬೇಸ್ ಗಿಟಾರನ್ನು ರಿಪೇರಿಗೆ ಒಯ್ಯುವಾಗ, ದಾರಿಯಲ್ಲೇ ಸಾಮಾನು ತರುವುದಿತ್ತೆಂದು ಗುನ್ವೋರಳೂ ಕಾರು ಹತ್ತಿದಳು. ರಿಪೇರಿಯ ರುತ್ಗೆರ್ ಹಿಂದೆ ಇದೇ ಬ್ಯಾಂಡಿನಲ್ಲಿ ಅಕಾರ್ಡಿಯನ್ ನುಡಿಸುತ್ತಿದ್ದವನು. ಭುಜದ ನೋವಿಗೆ ಸೋತು ಬಿಟ್ಟಿದ್ದ. ಮುಚ್ಚಿಹೋದ ಹಾಲಿನ ಡೇರಿಯೊಂದರಲ್ಲಿ ಅವನ ಕಾರ್ಖಾನೆ.

"ಏನಪ್ಪಾ ರೋಗ?" ಎಂದ ರುತ್ಗೆರ್, ಕಾಫಿ ಬಗ್ಗಿಸುತ್ತಾ.

"ಸಣ್ಣ ತಂತಿ, ಐದನೇ ಮೆಟ್ಟಿಲು. ಸಿ ಸ್ವರ ನಿಲ್ಲಲ್ಲ. ದಪ್ ಅಂತ ಸಾಯತ್ತೆ."

ರುತ್ಗೆರ್ ಮೀಟಿ ನೋಡಿದ. ಅಕ್ಕಪಕ್ಕದ ಸ್ವರಗಳು ಉದ್ದಕ್ಕೆ ಗುಂಯ್‌ಗುಟ್ಟಿದವು. ಸಿ ಮಾತ್ರ ಒದ್ದೆ ಕಟ್ಟಿಗೆಗೆ ಬಡಿದ ಹಾಗೆ ಕೇಳಿ ಸುಮ್ಮನಾಯಿತು.

"ಇದು ನೀನು ಆ ಚಳಿಗಾಲ ತಂದು ಕುಣಿದಾಡಿದ್ದ ಬೇಸಲ್ವೇನೋ? ಇಂಥದ್ದು ಇಡೀ ವಾರ್ಮ್‌ಲಾಂಡ್ ಸೀಮೇಲೇ ಇಲ್ಲ ಅಂತಿದ್ದೆ. ಅವತ್ತಿಂದ ಹೀಗೇನಾ?"

"ಹೂಂ, ಸ್ವಲ್ಪ ಹೀಗೇ."

"ಅದರ ಪಕ್ಕದ ತಂತಿ ಮೇಲೆ, ಹತ್ತನೇ ಮೆಟ್ಟಿಲಲ್ಲಿ ಅದೇ ಸ್ವರ ಸಿಗತ್ತಲ್ಲ ಮಾರಾಯ."

"ಸಿಗತ್ತೆ. ಕೈ ಹಾರಿಸ್ಬೇಕು. ಕೇಳೋಕೂ ಚೆನ್ನಾಗಿರಲ್ಲ."

ರುತ್ಗೆರ್ ತಂತಿ ಸಡಿಲಿಸಿ, ಕುತ್ತಿಗೆಯನ್ನು ಒಡಲಿಗೆ ಬಿಗಿದಿದ್ದ ನಾಲ್ಕು ಸ್ಕ್ರೂ ಬಿಚ್ಚಿದ. ಕುತ್ತಿಗೆ ಕೂರುವ ಗುಂಡಿಯಲ್ಲಿ ಯಾವನೋ ಮಡಿಚಿಟ್ಟ ರಟ್ಟಿನ ಚೂರು ಸಿಕ್ಕಿತು. ಅದನ್ನು ಎಸೆದು, ಅಂಟಿದ್ದ ಬಣ್ಣ ಕೆರೆದು, ಮರಕ್ಕೆ ಮರ ಕೂಡುವಂತೆ ಮತ್ತೆ ಬಿಗಿದ. ತಂತಿ ಎಳೆದ ಮೇಲೆ ಸ್ಕ್ರೂಗಳನ್ನು ಒಂದಿಷ್ಟೇ ಸಡಿಲಿಸಿದಾಗ ಕುತ್ತಿಗೆ ಕಿರ್ ಎಂದು ಸರಿದು ಕೂತಿತು. ಮತ್ತೆ ಬಿಗಿದ. ಸಿ ಸ್ವಲ್ಪ ಜೀವ ಹಿಡಿಯಿತು, ಸಾಲಲಿಲ್ಲ. ಆಗ ಗಿಟಾರಿನ ತಲೆಗೆ ಹಿತ್ತಾಳೆಯ ಭಾರವೊಂದನ್ನು ಕ್ಲಾಂಪಿನಿಂದ ಕಚ್ಚಿಸಿದ.

"ಈ ರೋಗ ಪೂರ್ತಿ ಹೋಗೋದಿಲ್ಲ. ತಲೆ ಭಾರ ಆದ್ರೆ ಪಕ್ಕಕ್ಕೆ ಸರಿಯತ್ತೆ, ಎರಡು ಸ್ವರದ ಮಧ್ಯೆ ಹೋಗಿ ಕೂರತ್ತೆ. ಅಲ್ಲಿ ಯಾರೂ ನುಡಿಸಲ್ಲ."

ಮೀಟಿದ. ಸಿ ನಿಂತಿತು, ಕಾಫಿ ಒಂದು ಗುಟುಕು ಕುಡಿಯುವಷ್ಟು ಹೊತ್ತು.

ರುತ್ಗೆರ್‌ಗೆ ಹುರುಪು ಬಂತು. ಭುಜದ ನೋವು ಮರೆತು ಕಪಾಟಿನ ಅಕಾರ್ಡಿಯನ್ ಇಳಿಸಿದ. "ಗುನ್ವೋರ್, ನಿನ್ನ ನಿಧಾನದ್ದು ಹಾಡು ಕಣೇ. ಸಿ ಬರೋದೇ ಅದರಲ್ಲಿ."

"ಬೇಡ್ವೋ. ಒಡೆದ ಮಡಕೆ ಯಾಕೆ ಬಡೀತೀಯ?"

"ನಾಟಕ ಸಾಕು. ಹಾಡು."

ಹಾಡಿದಳು. ಎತ್ತರದ ಜಾಗ ಹತ್ತಿರವಾದಂತೆ ಹೊಟ್ಟೆ ಬಿಗಿಹಿಡಿದಳು. ಆದರೆ ಆ ಜಾಗ ಬಂದೇ ಬಂತು, ದಾಟಿಯೂ ಹೋಯಿತು. ಗಂಟಲು ಎಲ್ಲೂ ತಡೆಯಲಿಲ್ಲ. ತನ್ನದೇ ಹಳೆಯ ದನಿ ಆ ಡೇರಿಯ ಗೋಡೆಗಳಿಂದ ತಿರುಗಿ ಬಂದಾಗ ಅವಳಿಗೆ ನಿಂತಲ್ಲೇ ಅಳು ಬಂತು. ಇಷ್ಟು ಸಂತೋಷ ಅವಳಿಗೆ ಎಷ್ಟೋ ಕಾಲದಿಂದ ಆಗಿರಲಿಲ್ಲ.

"ಇದು ಹೇಗೋ? ಶ್ರುತಿ ಇಳಿಸಿದ್ಯಾ?"

"ಇಳಿಸೋದೇನು? ಸಿ ಕೇಳ್ಬೇಕಲ್ಲ ಅಂತ ಹಳೇ ಶ್ರುತಿ ಹಿಡಿದೆ. ಮೊದಲು ನಾವು ಸಿ ಶ್ರುತೀಲೇ ತಾನೆ ನುಡಿಸ್ತಿದ್ದಿದ್ದು. ಆಮೇಲೆ ನೀನೇ ಡಿಗೆ ಏರಿಸಿ ಅಂದ್ಯಂತಲ್ಲ."

"ನಾನಾ?"

"ಈ ಬೇಸ್ ಬಂದ ಚಳಿಗಾಲ, ನೀನು ಫ್ಲೂ ಆಗಿ ಮಲಗಿದ್ದಾಗ. ಗುನ್ವೋರ್‌ಗೆ ಮೇಲೆ ಬೇಕಂತೆ, ಹಾಡಿಗೆ ಕಳೆ ಬರತ್ತಂತೆ ಅಂತ ಸಿಕ್ಸ್ಟೆನ್ ಹೇಳ್ದ. ಡಿ ಶ್ರುತೀಲಿ ಸಿ ಬರೋದೇ ಇಲ್ವಲ್ಲ..." ಎಂದವನು ಬೇಸನ್ನು ನೋಡಿ, ಸಿಕ್ಸ್ಟೆನ್‌ನನ್ನು ನೋಡಿ, ಮಾತು ನಿಲ್ಲಿಸಿದ. ಅಕಾರ್ಡಿಯನ್ನಿನ ಪಟ್ಟಿ ಕಳಚುತ್ತಾ ಕೂತ.

ಗುನ್ವೋರ್ ಕಿವಿಯಿಂದಲೇ ಹಾಡು ಕಲಿತವಳು. ಬ್ಯಾಂಡು ಎಲ್ಲಿ ಹಿಡಿದರೆ ಅಲ್ಲಿ ಹಾಡುವವಳು. ಜ್ವರ ಬಿಟ್ಟು ಬಂದಾಗ ಹಾಡು ಭಾರವಾಗಿದ್ದಕ್ಕೆ ಜ್ವರವನ್ನು ಬೈದಿದ್ದಳು. ಆಮೇಲೆ ವಯಸ್ಸನ್ನು. ಕಾರ್ಲ್‌ಸ್ಟಾಡ್‌ನ ಗಂಟಲು ಡಾಕ್ಟರ ಹತ್ತಿರ ಸಿಕ್ಸ್ಟೆನ್‌ನೇ ಕರೆದೊಯ್ದಿದ್ದ. ಹೊರಗೆ ಕೂತು ಕಾದಿದ್ದ. ಬರುವಾಗ ಪಾಪ ಎಂದು ಬೆನ್ನು ಸವರಿದ್ದ.

"ಈಗ ಯಾಕೆ ರಿಪೇರಿ ಮಾಡಿಸ್ದೆ?" ಎಂದಳು.

ಸಿಕ್ಸ್ಟೆನ್ ಬೇಸನ್ನು ಒರೆಸುತ್ತಲೇ ಇದ್ದ. "ಲೋವೀಸಾಗೆ ಡಿ ಶ್ರುತಿ ಆಗಲ್ವಂತೆ. ಸಿ ಬೇಕು ಅಂದ್ಲು."

"ಅವಳು ಅಂದ್ಲು, ನೀನು ರಿಪೇರಿಗೆ ಹೊತ್ಕೊಂಡು ಬಂದೆ."

"ಶ್ರುತಿ ಇಳಿಸು ಅಂತ ನೀನು ಯಾವತ್ತೂ ಕೇಳ್ಲೇ ಇಲ್ವಲ್ಲ, ಗುನ್ವೋರ್."

ಅವನು ಅದನ್ನು ತಪ್ಪಿಸಿಕೊಳ್ಳಲು ಹೇಳಲಿಲ್ಲ. ನಿಜವಾಗಿಯೂ ಹಾಗೇ ಅಂದುಕೊಂಡಿದ್ದ. ಅದೇ ಅವಳ ಎದೆಗೆ ನಾಟಿತು.

"ಶನಿವಾರ ನಾನು ಹಾಡ್ತೀನಿ. ಅದರ ಮುಂದಿನ ಶನಿವಾರಾನೂ ನಾನೇ. ಲೋವೀಸಾಗೆ ಈಗ್ಲೇ ಫೋನ್ ಮಾಡು."

"ಏನಂತ ಹೇಳ್ಲಿ ಆ ಹುಡುಗಿಗೆ?"

"ಇದ್ದದ್ದು ಹೇಳು. ನನ್ನ ಬೇಸು ಕೆಟ್ಟಿದೆ ಅನ್ನೋಕೆ ನಾಚಿಕೆಯಾಗಿ, ಹೆಂಡತಿ ಗಂಟಲು ಹೋಯ್ತು ಅಂತ ಎಲ್ಲರೂ ಅಂದ್ಕೊಳ್ಳೋಕೆ ಬಿಟ್ಟೆ ಅಂತ ಹೇಳು."

ಸಿಕ್ಸ್ಟೆನ್ ಫೋನು ತೆಗೆದ. ನಂಬರ್ ಹುಡುಕಿದ. ರುತ್ಗೆರ್‌ನ ಕಡೆ ನೋಡಿದ, ಅವನು ಮುಖ ತಿರುಗಿಸಿದ್ದ. ಗುನ್ವೋರ್ ಕುರ್ಚಿ ಎಳೆದುಕೊಂಡು ಗಂಡನ ಎದುರಿಗೇ ಕೂತಳು, ಅವನ ಬಾಯಿಂದ ಆ ಮಾತು ಕೇಳಲು.