ದೇವದುರ್ಗದ ಪರವಾಗಿ ಓಡಿದ ಮಾನ್ವಿ ಮಾಸ್ತರರು

ಪ್ರಾಣೇಶ ಮಾಸ್ತರರಿಗೆ ಕಲ್ಲೂರು ಎಂದರೆ ಸಿಟ್ಟು. ಆ ಊರು ಪಾಪ, ಅವರಿಗೆ ಏನೂ ಮಾಡಿರಲಿಲ್ಲ. ಮಾನ್ವಿಯಿಂದ ರಾಯಚೂರಿಗೆ ಹೋಗುವ ದಾರಿಯಲ್ಲಿ, ಅರ್ಧ ದಾಟಿದ ಮೇಲೆ, ತನ್ನ ಪಾಡಿಗೆ ತಾನಿತ್ತು. ಆದರೆ ಮಾಸ್ತರರು ಪ್ರತಿ ಭಾನುವಾರ ಬೆಳಗ್ಗೆ ಮಾನ್ವಿಯಿಂದ ಓಡಿಕೊಂಡು ಬಂದರೆ ಸರಿಯಾಗಿ ಅಲ್ಲಿಗೇ ಅವರ ಕಾಲು ಸೋಲುತ್ತಿದ್ದವು. ಮೊಳಕಾಲಿನ ಕೆಳಗೆ ಯಾರೋ ಕಲ್ಲು ಕಟ್ಟಿದ ಹಾಗಾಗಿ ಅವರು ದಾರಿಬದಿಯ ಬೇವಿನ ಮರದ ಕೆಳಗೆ ಕುಸಿದು ಕೂರುತ್ತಿದ್ದರು. ವಾಪಸು ಬರುವುದು ಯಾರದೋ ಎತ್ತಿನ ಗಾಡಿಯಲ್ಲಿ, ಶೇಂಗಾ ಚೀಲಗಳ ಮೇಲೆ.

ಇದು ಪೊಲೀಸ್ ಆಕ್ಷನ್ ಆದ ಮರುವರ್ಷದ ಮಾತು. ನಿಜಾಮನ ಆಳ್ವಿಕೆ ಮುಗಿದಿತ್ತು, ರಾಯಚೂರಿನಲ್ಲಿ ಜಿಲ್ಲೆಗೆಲ್ಲ ದೊಡ್ಡ ಆಟೋಟ ನಡೆಸಬೇಕೆಂದು ಫೈಸಲಾ ಆಗಿತ್ತು. ಕೊನೆಯ ದಿನ ಮ್ಯಾರಥಾನ್ ಎಂಬ ಓಟ. ಆ ಹೆಸರು ಮಾನ್ವಿಯಲ್ಲಿ ಯಾರ ನಾಲಿಗೆಗೂ ಹತ್ತಲಿಲ್ಲ, ಆದರೆ ಅರ್ಥ ಎಲ್ಲರಿಗೂ ಆಯಿತು. ಮಾನ್ವಿ ಊರ ಹೊರಗಿನಿಂದ ರಾಯಚೂರಿನ ಕೋಟೆ ಮೈದಾನದವರೆಗೆ ಇಪ್ಪತ್ತಾರು ಮೈಲು ಚಿಲ್ಲರೆ ಓಡಬೇಕು. ಒಂದೊಂದು ತಾಲೂಕಿನ ಕಮಿಟಿ ತನ್ನ ಕಡೆಯಿಂದ ಇಬ್ಬರ ಹೆಸರು ಕಳಿಸಬಹುದು.

ಸರ್ಕಾರಿ ಶಾಲೆಯ ಮಾಸ್ತರರು, ಮೂವತ್ತು ದಾಟಿದವರು, ಮಠದ ಆಚಾರ್ಯರ ಮನೆತನದವರು, ಕಚ್ಚೆಪಂಚೆ ಬಿಚ್ಚಿಟ್ಟು ಅರ್ಧ ಚಡ್ಡಿ ಹಾಕಿಕೊಂಡು ಹಾದಿಗೆ ಬಿದ್ದರೆ ಊರು ಸುಮ್ಮನಿರುತ್ತದೆಯೆ? ನಗುವವರು ನಕ್ಕರು. ಮಾಸ್ತರರು ತಲೆ ಕೆಡಿಸಿಕೊಳ್ಳಲಿಲ್ಲ. ಹಿಂದಿನ ವರ್ಷದ ಗಲಭೆಯಲ್ಲಿ ಅವರೂ ಓಡಿದ್ದರು. ತಲೆಯ ಮೇಲೆ ಗಂಟು, ಕೈಯಲ್ಲಿ ಹೆಂಡತಿಯ ಕೈ, ಹೊಳೆ ದಾಟುವತನಕ ಹಿಂದೆ ನೋಡಿರಲಿಲ್ಲ. ಅಂಜಿ ಓಡಿದ ಆ ಕಾಲುಗಳನ್ನು ನೋಡಿದರೆ ಅವರಿಗೆ ನಾಚಿಕೆಯಾಗುತ್ತಿತ್ತು. ಬದುಕಿನಲ್ಲಿ ಒಮ್ಮೆಯಾದರೂ ಯಾರೂ ಬೆನ್ನಟ್ಟದೆ, ತನ್ನ ಇಚ್ಛೆಯಿಂದಲೇ ದೂರ ಓಡಬೇಕು ಎಂದು ಹಟ ಹಿಡಿದಿದ್ದರು.

ಅಂಜಿಕೆ ಜನರ ಮೈಯಿಂದ ಇನ್ನೂ ಇಳಿದಿರಲಿಲ್ಲ. ಮೊದಲ ಭಾನುವಾರ ಅವರು ಕಲ್ಲೂರಿಗೆ ಓಡಿ ಬಂದಾಗ ಬಾವಿಕಟ್ಟೆಯ ಮೇಲಿದ್ದ ಹೆಂಗಸರು ಕೊಡ ಬಿಟ್ಟು ಮನೆ ಸೇರಿದರು. ಬಾಗಿಲುಗಳು ದಡದಡ ಮುಚ್ಚಿಕೊಂಡವು. ಒಬ್ಬ ಮುದುಕ ಮಾತ್ರ ಬಡಿಗೆ ಹಿಡಿದು ಅಡ್ಡ ಬಂದ.

“ಯಾರ್ರಿ ಬೆನ್ನು ಹತ್ಯಾರ?”

“ಯಾರೂ ಇಲ್ಲ, ಯಜಮಾನ್ರ.”

“ಮತ್ತ್ಯಾಕ ಓಡಾಕತ್ತೀರಿ?”

“ಸುಮ್ಮನ.”

ಮುದುಕ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದ. “ಸುಮ್ಮನ ಓಡೋ ಕಾಲ ಬಂತೇನ್ರಿ? ಹಂಗಾದ್ರ ಛಲೋನ ಆತು,” ಎಂದು ಬಡಿಗೆ ಇಳಿಸಿದ. ಆ ಮಾತು ಮಾಸ್ತರರ ಎದೆ ತುಂಬಿಸಿತು, ಆದರೆ ಕಾಲಿಗೆ ಬಲ ಕೊಡಲಿಲ್ಲ. ಅಂದಿನಿಂದ ಎರಡು ತಿಂಗಳಾದರೂ ಕಲ್ಲೂರು ದಾಟಲು ಅವರಿಂದ ಆಗಲಿಲ್ಲ.

ಮಾನ್ವಿ ಕಮಿಟಿ ಎಂದರೆ ವಿರೂಪಣ್ಣ. ಹತ್ತಿ, ಶೇಂಗಾ ವ್ಯಾಪಾರದ ದೊಡ್ಡ ಕುಳ. ಮಾಸ್ತರರು ಹೆಸರು ಕೊಡಲು ಅಂಗಡಿಗೆ ಹೋದಾಗ ಆತ ಗಾದಿಯ ಮೇಲಿಂದ ಏಳದೆಯೇ ಶರತ್ತು ಹಾಕಿದ.

“ಎಲ್ಲೀತನ ಓಡೀರಿ ಮಾಸ್ತರ್ರ?”

“ಕಲ್ಲೂರತನ.”

“ರಾಯಚೂರು ಎಲ್ಲೈತಿ, ಕಲ್ಲೂರು ಎಲ್ಲೈತಿ! ನಡಬರಕ ಬಿದ್ರ ಹೋಗೋದು ನಿಮ್ಮ ಮಾನ ಅಲ್ರಿ, ಊರ ಮಾನ. ಮೊದ್ಲು ಪೂರಾ ದಾರಿ ಒಮ್ಮಿ ಓಡಿ ತೋರಸ್ರಿ. ಆಮ್ಯಾಗ ಹೆಸರು ಕಳಸ್ತೀನಿ. ನಮ್ಮ ಅಕ್ಕನ ಮಗ ಶರಣಯ್ಯ ಬರೋ ಐತವಾರ ಓಡಿ ತೋರಸ್ತಾನ, ನೀವೂ ತೋರಸ್ರಿ.”

ಮಾತಿನಲ್ಲಿ ತಪ್ಪೇನೂ ಕಾಣಲಿಲ್ಲ. ಅದಕ್ಕೇ ಅದು ಮಾಸ್ತರರನ್ನು ಒಳಗೊಳಗೇ ತಿನ್ನತೊಡಗಿತು. ಪೂರ್ತಿ ದಾರಿ ಒಮ್ಮೆಯೂ ಓಡದವನು ಪಂದ್ಯದ ದಿನ ಹೇಗೆ ಓಡುತ್ತಾನೆ? ಕಲ್ಲೂರಿನಾಚೆಯ ಹತ್ತು ಮೈಲು ಊಟಕ್ಕೆ ಕೂತಾಗ ಎಲೆಯ ಮೇಲೆ ಬಂದು ಕೂರುತ್ತಿತ್ತು, ಪಾಠ ಮಾಡುವಾಗ ಕರಿಹಲಗೆಯ ಮೇಲೆ ಕಾಣುತ್ತಿತ್ತು. ಸಾಲದ್ದಕ್ಕೆ ಬಸ್ಸಿನವರು ಒಂದು ಸುದ್ದಿ ತಂದರು. ದೇವದುರ್ಗದಲ್ಲಿ ಹುಲಿಗೆಪ್ಪ ಎಂಬ ರೈತನಿದ್ದಾನೆ, ವಾರಕ್ಕೊಮ್ಮೆ ರಾಯಚೂರಿಗೆ ಓಡಿಹೋಗಿ, ಊಟ ಮಾಡಿ, ಓಡಿಯೇ ವಾಪಸು ಬರುತ್ತಾನೆ ಎಂದು. ಅದನ್ನು ಕೇಳಿದ ದಿನ ಮಾಸ್ತರರು ಎರಡನೇ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ.

ಹೆಂಡತಿ ಜಯಾಬಾಯಿಗೆ ನೋಡಿ ನೋಡಿ ಸಾಕಾಯಿತು. “ಕಣ್ಣಿಲೆ ಕಂಡೀರೇನು ಆ ಹುಲಿಗೆಪ್ಪನ್ನ? ಇಲ್ಲಲ್ಲ? ಒಮ್ಮೆ ಹೋಗಿ ನೋಡಿಕೊಂಡು ಬರ್ರಿ. ಅಂವ ಮನುಷ್ಯಾ ಇದ್ರ ಓಡ್ರಿ, ದೆವ್ವ ಇದ್ರ ಬಿಡ್ರಿ. ಮನ್ಯಾಗ ಕೂತು ಒಣಗಬ್ಯಾಡ್ರಿ,” ಎಂದು ಬೈದೇ ಬಸ್ಸು ಹತ್ತಿಸಿದಳು.

ಹುಲಿಗೆಪ್ಪ ದೇವದುರ್ಗದ ಹೊರಗೆ ತನ್ನ ಹೊಲದ ಬದುವಿನ ಮೇಲೆ ಕೂತು ಪಾದಕ್ಕೆ ಔಡಲೆಣ್ಣೆ ತಿಕ್ಕಿಕೊಳ್ಳುತ್ತಿದ್ದ. ಸಣಕಲು ಆಳು, ದೊಡ್ಡ ಮೀಸೆ. ಮಾನ್ವಿಯ ಪ್ರಾಣೇಶ ಮಾಸ್ತರ ಎಂದು ಹೇಳಿದ್ದೇ ತಡ, ಅವನ ಮುಖದ ಬಣ್ಣವೇ ಹೋಯಿತು. ಎದ್ದು ನಿಂತು ಕೈಮುಗಿದ.

“ನೀವನ ಏನ್ರಿ? ಐತವಾರಕ್ಕೊಮ್ಮಿ ರಾಯಚೂರು ಮುಟ್ಟಿ, ಹೊತ್ತು ಮುಣುಗೋದ್ರಾಗ ಓಡಿಕೊಂತ ಮಾನ್ವಿಗೆ ಹೊಳ್ಳಿ ಬರ್ತೀರಂತ! ಅದನ್ನ ಕೇಳಿ ನನಗ ರೊಟ್ಟಿ ಗಂಟಲದಾಗ ಇಳಿವಲ್ದಾಗೇತ್ರಿ.”

ಮಾಸ್ತರರಿಗೆ ಒಂದು ಕ್ಷಣ ಬುದ್ಧಿ ಕೆಟ್ಟಿತು. ಹೌದು ಎಂದು ಬಿಟ್ಟರೆ ಈತ ಅಲ್ಲೇ ಸೋತ. ಬಾಯಿತನಕ ಬಂದ ಸುಳ್ಳನ್ನು ನುಂಗಿಕೊಂಡು ಬದುವಿನ ಮೇಲೆ ಅವನ ಪಕ್ಕದಲ್ಲೇ ಕೂತರು.

“ನಾ ಕಲ್ಲೂರು ದಾಟಿಲ್ಲೋ ಹುಲಿಗೆಪ್ಪಾ. ನೀ ಎಲ್ಲೀತನ?”

“ಅರ್ಧ ದಾರಿಗೇ ಬಂಡಿ ಹತ್ತತೀನ್ರಿ, ಯಾರಿಗೂ ಹೇಳಬ್ಯಾಡ್ರಿ,” ಎಂದ ಹುಲಿಗೆಪ್ಪ.

ಇಬ್ಬರೂ ಮುಖ ಮುಖ ನೋಡಿಕೊಂಡರು. ನಗು ಮೊದಲು ಹುಲಿಗೆಪ್ಪನಿಗೆ ಬಂತು, ಮಾಸ್ತರರಿಗೆ ಆಮೇಲೆ ಬಂದು ಕಣ್ಣಲ್ಲಿ ನೀರು ತರಿಸಿತು. ಹೊಲದಲ್ಲಿ ಕಸ ತೆಗೆಯುತ್ತಿದ್ದವರು ಕೆಲಸ ಬಿಟ್ಟು ಇವರನ್ನೇ ನೋಡುತ್ತ ನಿಂತರು.

ನಗು ಇಳಿದ ಮೇಲೆ ಮಾಸ್ತರರು ವಿರೂಪಣ್ಣನ ಶರತ್ತು ಹೇಳಿದರು. ಹುಲಿಗೆಪ್ಪನಿಗೆ ಪಿತ್ತ ನೆತ್ತಿಗೇರಿತು. “ಪೂರಾ ದಾರಿ ಮೊದಲ ಓಡಿ ಮುಗಸೂದಾದ್ರ ಪಂದ್ಯ ಯಾಕ ಬೇಕ್ರಿ? ಓಡಲಾರದ ದಾರಿ ಓಡಾಕಂತನ ಪಂದ್ಯ ಇಟ್ಟಾರ. ನಮ್ಮ ಕಡಿಂದ ನಾನೊಬ್ಬನ ಅದೀನಿ, ಇನ್ನೊಂದು ಜಾಗ ಖಾಲಿ ಅದ. ಮಾನ್ವಿ ವಲ್ಲೆ ಅಂದ್ರ ದೇವದುರ್ಗದ ಕಡಿಂದ ಓಡ್ರಿ.”

“ನಾ ನಿಮ್ಮೂರಾಂವ ಅಲ್ಲಲ್ಲೋ.”

“ನಮ್ಮೂರ ಹೊಲದಾಗ ಕೂತು ನಕ್ಕೀರಲ್ರಿ, ಇನ್ನೇನು ಬೇಕು?”

ದೇವದುರ್ಗದ ಕಮಿಟಿಯವರು ಓಡಲು ಜನವೇ ಸಿಗದೆ ಕಂಗಾಲಾಗಿದ್ದರು. ಎಷ್ಟು ಓಡಿದ್ದೀರಿ ಎಂದು ಕೇಳುವ ಗೊಡವೆಗೇ ಹೋಗದೆ ಹೆಸರು ಹಚ್ಚಿಕೊಂಡರು. ಮಾಸ್ತರರು ಮಾನ್ವಿಗೆ ಬಂದವರೇ ನೇರ ವಿರೂಪಣ್ಣನ ಅಂಗಡಿಗೆ ಹೋಗಿ, “ನಾ ಓಡಿ ತೋರಸಂಗಿಲ್ಲ ವಿರೂಪಣ್ಣನವರ. ಪಂದ್ಯದ ದಿನ ಓಡ್ತೀನಿ. ಬಿದ್ರ ದೇವದುರ್ಗದ ಮಾನ ಹೋಗ್ತದ, ನೀವು ಚಿಂತಿ ಬಿಡ್ರಿ,” ಎಂದು ಎದುರಿಗೆ ನಿಂತು ಹೇಳಿದರು.

ಆ ಭಾನುವಾರ ಶರಣಯ್ಯ ಊರ ಜನರೆದುರು ಹೊರಟು, ಹಿಂದೆ ಸೋದರಮಾವನ ಗಾಡಿ ಇಟ್ಟುಕೊಂಡು, ರಾಯಚೂರಿನತನಕ ಪೂರ್ತಿ ಓಡಿ ತೋರಿಸಿದ. ಒಳ್ಳೆಯ ಹುಡುಗ, ಕಟ್ಟುಮಸ್ತು. ಅವನನ್ನು ಹಾರ ಹಾಕಿ ಮೆರೆಸಿದರು. ಪಂದ್ಯ ಅದರ ಮುಂದಿನ ಗುರುವಾರ. ನಡುವೆ ಅವನ ಮೊಳಕಾಲು ಬಾತದ್ದನ್ನು, ಪಾದದ ಬೊಬ್ಬೆ ಒಡೆದದ್ದನ್ನು ವಿರೂಪಣ್ಣ ಯಾರಿಗೂ ತಿಳಿಸಗೊಡಲಿಲ್ಲ.

ಗುರುವಾರ ಬೆಳಗ್ಗೆ ಮಾನ್ವಿ ಹೊರಗಿನಿಂದ ಇಪ್ಪತ್ತು ಜನ ಹೊರಟರು. ಹುಲಿಗೆಪ್ಪ ಮೊದಲೇ ಮುಂದೆ ಹೋಗಿ ಕಣ್ಣಿಗೆ ಮರೆಯಾದ. ಕಲ್ಲೂರು ಬಂದಾಗ ಶರಣಯ್ಯ ಹಲ್ಲು ಕಚ್ಚಿಕೊಂಡು ಕುಂಟುತ್ತಿದ್ದ. ಮೂರು ಹೆಜ್ಜೆ ಹಾಕಿದ, ನಿಂತ, ಅಳುತ್ತ ಮಾವನ ಗಾಡಿ ಹತ್ತಿದ. ಮಾಸ್ತರರಿಗೆ ಅವನನ್ನು ನೋಡಿ ನಿಜಕ್ಕೂ ಸಿಟ್ಟು ಬಂತು, ಹುಡುಗನ ಮೇಲೆ ಅಲ್ಲ, ಅವನನ್ನು ಹಾಗೆ ಸವೆಸಿದವರ ಮೇಲೆ.

ಅಷ್ಟರಲ್ಲಿ ಅವರ ಕಾಲಿಗೂ ಕಲ್ಲು ಕಟ್ಟಿದ ಹಾಗಾಯಿತು. ಅದೇ ಬೇವಿನ ಮರ, ಅದೇ ನೆರಳು. ಗಾಡಿ ಪಕ್ಕಕ್ಕೆ ಬಂತು. ವಿರೂಪಣ್ಣ ಬಗ್ಗಿ, ಈ ಸಲ ಮೆತ್ತಗೆ, “ಸಾಕ್ರಿ ಮಾಸ್ತರ್ರ, ಹತ್ತ್ರಿ. ಮುಂದ ನಿಮಗ ಗೊತ್ತಿಲ್ಲದ ದಾರಿ,” ಎಂದ.

“ಗೊತ್ತಿಲ್ಲದ್ದಕ್ಕನ ಹೊಂಟೀನಿ!” ಎಂದು ಮಾಸ್ತರರು ಕೂಗಿದರು. ಅಷ್ಟು ಜೋರಾಗಿ ಅವರು ಶಾಲೆಯಲ್ಲೂ ಕೂಗಿದವರಲ್ಲ. ಕಾಲು ನೋಯುತ್ತಲೇ ಇದ್ದವು, ಆದರೂ ಕಲ್ಲೂರು ಹಿಂದೆ ಬಿತ್ತು.

ಮುಂದಿನ ದಾರಿಯನ್ನು ಅವರು ಓಡಿದರು ಎನ್ನುವುದು ಪೂರ್ತಿ ನಿಜವಲ್ಲ. ಓಡಿದರು, ನಡೆದರು, ಒಂದು ಕಡೆ ವಾಂತಿ ಮಾಡಿಕೊಂಡರು, ಮತ್ತೆ ಓಡಿದರು. ಪ್ರತಿ ಮೈಲುಗಲ್ಲಿಗೂ ವಿರೂಪಣ್ಣನ ಹೆಸರು ಹಿಡಿದು ಬೈದರು. ಕೂರುವುದಾದರೆ ಮುಂದಿನ ಕಲ್ಲಿಗೆ ಕೂರೋಣ ಎಂದುಕೊಂಡರು, ಆ ಕಲ್ಲು ಬಂದಾಗ ಅದನ್ನೂ ಬೈದು ದಾಟಿದರು. ಬೆನ್ನ ಹಿಂದೆ ಯಾರೂ ಇರಲಿಲ್ಲ. ಬೇಕೆಂದೇ ಒಮ್ಮೆ ತಿರುಗಿ ನೋಡಿದರು, ಬರಿಯ ಬಿಸಿಲು, ಬರಿಯ ದಾರಿ. ಅಲ್ಲಿ ಅವರಿಗೆ ಅಳು ಬಂತು, ಅಳುತ್ತಲೇ ಓಡಿದರು.

ಕೋಟೆ ಮೈದಾನ ಮುಟ್ಟಿದವರಲ್ಲಿ ಅವರು ಐದನೆಯವರು. ಹುಲಿಗೆಪ್ಪ ಎರಡನೆಯವನಾಗಿ ಬಂದು, ಮೈ ತುಂಬ ಧೂಳು ಮೆತ್ತಿಕೊಂಡು ಕಾಯುತ್ತಿದ್ದ. ಉಳಿದವರು ದಾರಿಯುದ್ದಕ್ಕೂ ಚೆಲ್ಲಾಪಿಲ್ಲಿಯಾಗಿದ್ದರು. ಮಾನ್ವಿಯ ಹೆಸರಲ್ಲಿ ಒಬ್ಬನೂ ಮೈದಾನ ಮುಟ್ಟಿರಲಿಲ್ಲ. ಸಾರಿ ಹೇಳಲು ತಗಡಿನ ತುತ್ತೂರಿ ಹಿಡಿದು ನಿಂತವನು ಗಂಟಲು ಹರಿಯುವಂತೆ, “ಐದನೇದವರು, ಪ್ರಾಣೇಶ ಮಾಸ್ತರು, ದೇವದುರ್ಗ!” ಎಂದು ಸಾರಿದ.

ಅಷ್ಟೊತ್ತಿಗೆ ಬಸ್ಸು ಹಿಡಿದು ಬಂದಿದ್ದ ವಿರೂಪಣ್ಣ ಜನರನ್ನು ನೂಕುತ್ತ ಮುಂದೆ ನುಗ್ಗಿದ. “ದೇವದುರ್ಗ ಅಲ್ರೀ! ನಮ್ಮಾಂವ, ಮಾನ್ವಿ ಮಾಸ್ತರ! ಮಾನ್ವಿ ಅಂತ ಹೇಳ್ರಿ!” ಮಾನ್ವಿಯಿಂದ ಬಂದಿದ್ದವರೆಲ್ಲ ಹೌದೌದು ಎಂದು ಗದ್ದಲ ಎಬ್ಬಿಸಿದರು. ತುತ್ತೂರಿಯವನು ಗಲಿಬಿಲಿಗೊಂಡು ಮಾಸ್ತರರ ಮುಖ ನೋಡಿದ.

ಮಾಸ್ತರರು ಹುಲಿಗೆಪ್ಪನ ಹೆಗಲಿಗೆ ಜೋತು ಬಿದ್ದಿದ್ದರು. ಉಸಿರು ಸಿಕ್ಕಮೇಲೆ, ಅವನ ಹೆಗಲು ಬಿಟ್ಟು ನೆಟ್ಟಗೆ ನಿಂತರು.

“ಮುಂದಿನ ವರ್ಷ ಯಾರು ಬಂದು ಹೆಸರು ಕೊಟ್ಟರೂ, ಎಲ್ಲೀತನ ಓಡೀ ಅಂತ ಕೇಳದ ಹಚ್ಚಿಕೊಳ್ರಿ ವಿರೂಪಣ್ಣನವರ. ಅವತ್ತು ಮಾನ್ವಿ ಕಡಿಂದ ಓಡ್ತೀನಿ,” ಎಂದರು. ಆಮೇಲೆ ತುತ್ತೂರಿಯವನ ಕಡೆ ತಿರುಗಿದರು. “ನೀ ಇನ್ನೊಮ್ಮೆ ಕೂಗಪ್ಪಾ. ದೇವದುರ್ಗ.”