ಉಳಿದ ಒಂದು ಸುತ್ತು

ತ್ರಿವೇಣಿ ಹೆಲ್ಮೆಟಿನ ಪಟ್ಟಿ ಬಿಗಿಯುತ್ತಿದ್ದಾಗ ಅಪ್ಪಾಸಾಹೇಬರು ಆರತಿ ತಟ್ಟೆ ತಂದು ಸೀದಾ ಅವಳ ಬೈಕಿನ ಪೆಟ್ರೋಲ್ ಟಾಕಿಯ ಮೇಲಿಟ್ಟರು. ಕುಂಕುಮ, ಅಕ್ಷತೆ, ನಡುವೆ ಉರಿಯುವ ತುಪ್ಪದ ದೀಪ.

ಅವಳಿಗೆ ಬೈಕು ಕಲಿಸಿದ ಗ್ಯಾರೇಜಿನ ಬಿಂದುಮಾಧವ ಹೌಹಾರಿ ಓಡಿಬಂದು ದೀಪವನ್ನು ಉಫ್ ಎಂದು ಊದಿಬಿಟ್ಟ. "ಟಾಕಿ ಮ್ಯಾಲ ಬೆಂಕಿ ಇಡ್ತಾರೇನ್ರಿ ಸಾಹೇಬ್ರ! ಎಲ್ಲಾರೂ ಒಮ್ಮೆಲೆ ಕೈಲಾಸಕ್ಕ ಹೋಗ್ತಿದ್ವಿ."

ಶುಭ ಗಳಿಗೆಯಲ್ಲಿ ದೀಪ ಊದಿದ್ದಕ್ಕೆ ಅಪ್ಪಾಸಾಹೇಬರ ಮುಖ ಹುಳ್ಳಗಾಯಿತು. ಭೋರ್ ರಸ್ತೆಯ ಪಕ್ಕದ ಈ ಮಾಳ ಅವರದು, ಮಣ್ಣಿನ ದಿಬ್ಬಗಳನ್ನು ಕಟ್ಟಿಸಿ ರೇಸು ಇಡಿಸಿದ್ದೂ ಅವರೇ. ಮರಾಠಿಗರಾದರೂ ಗಡಿಭಾಗದ ಜತ್ತಿನ ಕಡೆಯವರಾದ್ದರಿಂದ ಕನ್ನಡ ಬರುತ್ತಿತ್ತು. "ರೇಸ್ ಚಾಲೂ ಮಾಡಾಕ ದೊಡ್ಡ ಪಾವಣ್ಯಾರು ಬಂದಾರ. ಆರತಿ ಮಾಡಾಕ ಇಲ್ಲಿ ಹೆಣ್ಮಗಳಂದ್ರ ನೀ ಒಬ್ಬಾಕಿನ. ಇಳಿ. ರೇಸ್ ಮುಗದ ಮ್ಯಾಲ ನಿನಗಂತನ ಒಂದ್ ಸುತ್ತು ಬ್ಯಾರೆ ಇಡ್ತೀನಿ. ಸಾವಕಾಶ ಹೊಡಿ, ಮಂದಿಗೆ ಕೈ ಬೀಸು. ಹುಡುಗರ ಜೋಡಿ ಯಾಕ ಬೇಕು?"

ಹೊಸಬರ ರೇಸಿನ ಸಾಲಿನಲ್ಲಿದ್ದ ಹುಡುಗರು ಕಿಸಿಕಿಸಿ ನಕ್ಕರು. ತ್ರಿವೇಣಿಗೆ ಮೈಯೆಲ್ಲ ಉರಿಯಿತು. ಮಳೆಗಾಲ ಮುಗಿದಾಗಿನಿಂದ ಪ್ರತಿ ಭಾನುವಾರ ಇದೇ ಮಾಳದಲ್ಲಿ ಮಣ್ಣು ತಿಂದವಳು ಅವಳು. ಮೊದಲ ದಿನ, ಅಪ್ಪನ ಸ್ಕೂಟರಿನ ಅಭ್ಯಾಸದಲ್ಲಿ, ಎಡ ಮುಷ್ಟಿ ತಿರುವಿ ಗೇರು ಹಾಕಲು ಹೋಗಿ ಜಾಲಿಕಂಟಿಯಲ್ಲಿ ಬಿದ್ದಿದ್ದಳು. ಆಮೇಲೆ ಸೀಟು ಬಿಟ್ಟು ನಿಂತು ಓಡಿಸುವುದನ್ನು ಕಲಿತಳು. ಎರಡನೆಯ ದಿಬ್ಬವೊಂದೇ ಇನ್ನೂ ಒಲಿದಿರಲಿಲ್ಲ. ಅದರ ನೆತ್ತಿ ಬಂತೆಂದರೆ ಎದೆ ಧಸಕ್ಕೆಂದು ಎಕ್ಸಲರೇಟರಿನ ಮೇಲಿನ ಕೈ ಸಡಿಲಾಗುತ್ತಿತ್ತು, ಬೈಕು ಮುಗ್ಗರಿಸುತ್ತಿತ್ತು.

ಅಪ್ಪ ನಿಜಲಿಂಗಪ್ಪ ಗಡಿಬಿಡಿಯಿಂದ ಬಂದ. ಬಿಬವೇವಾಡಿಯಲ್ಲಿ ಅವನದು ಬ್ಯಾಡಗಿ ಮೆಣಸಿನಕಾಯಿ ವ್ಯಾಪಾರ. ಅವನ ಅಂಗಡಿಯ ಅರ್ಧ ಮಾಲು ಅಪ್ಪಾಸಾಹೇಬರ ಮಸಾಲೆ ಗಿರಣಿಗೇ ಹೋಗುತ್ತಿತ್ತು.

"ಒಂದ್ ತಟ್ಟಿ ಎತ್ತಿದ್ರ ನಿನ್ನ ಗಂಟೇನ್ ಹೋಗ್ತದ ಯವ್ವಾ?" ಅಪ್ಪ ದನಿ ತಗ್ಗಿಸಿದ. "ಇವ್ರ ಜೋಡಿ ಕೆಡಿಸಿಕೊಂಡ್ರ ನಾಳೆ ನಾ ಯಾರಿಗೆ ಮಾರ್ಲಿ?"

"ಎತ್ತೂದೇನ್ ದೊಡ್ಡದಲ್ಲ ಅಪ್ಪಾ. ಎತ್ತಿದ ಮ್ಯಾಲ ಈ ಸಾಲಿನ್ಯಾಗ ನನಗ ಜಾಗಾ ಇರಂಗಿಲ್ಲ." ತಟ್ಟೆಯನ್ನು ಅಪ್ಪನ ಕೈಗೇ ಕೊಟ್ಟುಬಿಟ್ಟಳು. "ನೀನ ಮಾಡು."

ಬಿಳಿ ಧೋತರದ ನಿಜಲಿಂಗಪ್ಪ ದೀಪ ಮತ್ತೆ ಹೊತ್ತಿಸಿ, ಪಾವಣ್ಯಾರಾಗಿ ಬಂದ ಅತಿಥಿಗೆ ಆರತಿ ಎತ್ತಿದಾಗ ಇಡೀ ಮಾಳ ಗೊಳ್ಳೆಂದಿತು. ಅಪ್ಪನ ಮುಖ ನೋಡಲಾರದೆ ತ್ರಿವೇಣಿ ಹ್ಯಾಂಡಲಿನ ಕಡೆ ತಲೆ ತಗ್ಗಿಸಿದಳು. ಆದರೂ ಸಾಲು ಬಿಟ್ಟು ಕದಲಲಿಲ್ಲ.

ಬಾವುಟ ಬಿತ್ತು. ಮೂರು ಸುತ್ತಿನ ರೇಸು. ಮೊದಲ ಸುತ್ತಿನಲ್ಲೇ ಎರಡನೆಯ ದಿಬ್ಬ ತನ್ನ ಬುದ್ಧಿ ತೋರಿಸಿತು. ನೆತ್ತಿಯ ಮೇಲೆ ಅವಳ ಕೈ ಸಡಿಲಾಯಿತು, ಬೈಕು ಮೂತಿ ಕೆಳಗಾಗಿ ಬಿತ್ತು. ಮೊಣಕಾಲು ತರಚಿತ್ತು, ಕ್ಲಚ್ಚಿನ ಹಿಡಿ ಸೊಟ್ಟಗಾಗಿತ್ತು. "ತಾಈ, ಬಾಜೂಲಾ ವ್ಹಾ!" ಎಂದು ದಿಬ್ಬದ ಕಾವಲಿಗಿದ್ದವನು ಬದಿಗೆ ಸರಿಯಲು ಮರಾಠಿಯಲ್ಲಿ ಕೂಗಿದ. ಅವಳು ಬಾಯಲ್ಲಿದ್ದ ಮಣ್ಣು ಉಗುಳಿ, ಬೈಕು ಎತ್ತಿ, ಕಿಕ್ ಒದ್ದಳು. ಹಾಳಾದ ಬೈಕು ಚಾಲೂ ಆಗಲಿಲ್ಲ. ಒದ್ದಳು, ಒದ್ದಳು. ಕೊನೆಗೆ ಹೊಗೆಯುಗುಳಿ ಚಾಲೂ ಆಯಿತು.

ಮುಂದಿನ ಸುತ್ತಿನಲ್ಲಿ ದಿಬ್ಬ ಮತ್ತೆ ಎದುರಾದಾಗ ಅವಳಿಗೆ ಭಯಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು. ಹಲ್ಲು ಕಚ್ಚಿ ಕೈ ತಿರುವಿಯೇ ಹಿಡಿದಳು. ನೆಲ ಬಿಟ್ಟುಹೋಯಿತು. ಎರಡೂ ಗಾಲಿ ಒಟ್ಟಿಗೆ ಇಳಿದಾಗ ಬೆನ್ನುಹುರಿ ಝಲ್ಲೆಂದಿತು, ಆದರೆ ಬೈಕು ನೆಟ್ಟಗಿತ್ತು. ಹೆಲ್ಮೆಟಿನೊಳಗೆ ಅವಳು ಹುಚ್ಚಿಯಂತೆ ಕೂಗಿಕೊಂಡಳು.

ಎರಡು ಸುತ್ತು ಮುಗಿಸಿ ಗೆರೆಯ ಹತ್ತಿರ ಬಂದಾಗ ಗೆದ್ದ ಹುಡುಗನಿಗೆ ಹಾರ ಬಿದ್ದಾಗಿತ್ತು. ಬಾವುಟದವನು ಅಡ್ಡ ಬಂದು ನಿಲ್ಲಿಸಿದ. "ಮುಗೀತು, ಇಳಿ," ಎಂದರು ಅಪ್ಪಾಸಾಹೇಬರು.

ತಟ್ಟೆಯನ್ನು ಇನ್ನೂ ಕೈಯಲ್ಲೇ ಹಿಡಿದಿದ್ದ ನಿಜಲಿಂಗಪ್ಪ ನಡುವೆ ಬಂದ. "ಅಕೀದು ಇನ್ನೂ ಒಂದ್ ಸುತ್ತು ಬಾಕಿ ಅದ್ರಿ."

"ಶೇಟ್, ಮಗಳಿಗೆ ರೀತಿ ರಿವಾಜು ಕಲಿಸಿಲ್ಲೇನು?"

"ಕಲಿಸೀನ್ರಿ. ಹಿಡಿದದ್ದು ಮುಗಿಸಬೇಕಂತ ಕಲಿಸೀನಿ." ತಟ್ಟೆಯನ್ನು ಒಂದೇ ಕೈಗೆ ತಂದುಕೊಂಡ. ಬಾವುಟದವನ ರಟ್ಟೆ ಹಿಡಿದು ಬದಿಗೆ ಸರಿಸಿದ. "ನಡಿ ಯವ್ವಾ. ಏನ್ ನೋಡ್ತಿ?"

ಅವಳು ಹೊರಟ ರಭಸಕ್ಕೆ ಹಿಂದಿನ ಗಾಲಿಯ ಕೆಂಪು ಮಣ್ಣು ಅವನ ಧೋತರಕ್ಕೆಲ್ಲ ಸಿಡಿಯಿತು.

ಮಾಳದಲ್ಲಿ ಈಗ ಒಂದೇ ಬೈಕಿನ ಸದ್ದು. ಎರಡನೆಯ ದಿಬ್ಬದ ನೆತ್ತಿಯಿಂದ ಮೇಲೆದ್ದಾಗ ತ್ರಿವೇಣಿಗೆ ಎಲ್ಲವೂ ಕಂಡಿತು. ಮಂದಿ ಊಟದ ಪೆಂಡಾಲಿನ ಕಡೆ ಹೊರಟಿದ್ದರು. ಗೆರೆಯ ಹತ್ತಿರ ಅಪ್ಪನೊಬ್ಬನೇ ನಿಂತಿದ್ದ, ಗಾಳಿಗೆ ದೀಪ ಆರದಂತೆ ತಟ್ಟೆಯ ಮೇಲೆ ಅಂಗೈ ಮರೆ ಹಿಡಿದುಕೊಂಡು.